ಬೇರಿಲ್ಲದ ಸಾಕ್ಷಿ

ನಮ್ಮ ಅಡುಗೆಮನೆಗಳ ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಲವಂಗ, ಮೊಗ್ಗುಗಳ ಜೊತೆಗೆ ಕಲ್ಲುಹೂವು ಎಂಬ ಒಂದು ಪದಾರ್ಥವೂ ಇರುತ್ತದೆ. ಹೆಸರು ಹೂವೆಂದಿದ್ದರೂ ಅದು ಹೂವಲ್ಲ. ಬಂಡೆಯ ಮೇಲೂ ಮರದ ತೊಗಟೆಯ ಮೇಲೂ ಹಬ್ಬುವ, ಸುಟ್ಟ ಕಾಗದದ ಚೂರಿನಂತೆ ಕಾಣುವ ಒಂದು ಜೀವ. ಇದರ ಕುಲಕ್ಕೆಲ್ಲ ಶಾಸ್ತ್ರಗ್ರಂಥಗಳಲ್ಲಿ ಶಿಲಾವಲ್ಕವೆಂದು ಹೆಸರು; ನಮಗೆ ಮನೆಮಾತೇ ಸಾಕು. ನಮ್ಮಲ್ಲಿ ಸಾರಿನ ಪರಿಮಳಕ್ಕೆ ಮಾತ್ರ ಬೇಕಾಗುವ ಈ ಜೀವದ ಬಂಧುಬಳಗ ಭೂಮಿಯ ಉತ್ತರದಂಚಿನಲ್ಲಿ ಒಂದು ಜನಾಂಗದ ಬಾಳಿಗೇ ಆಧಾರವಾಗಿದೆ. ಅಷ್ಟೇ ಅಲ್ಲ, ಕಳೆದ ನೂರೈವತ್ತು ವರ್ಷಗಳಲ್ಲಿ ಮನುಷ್ಯನು ಆಕಾಶಕ್ಕೆ ತೂರಿದ್ದಕ್ಕೆಲ್ಲ ಅದು ಸಾಕ್ಷಿಯಾಗಿ ನಿಂತಿದೆ. ಆ ಸಾಕ್ಷ್ಯದ ಚರಿತ್ರೆ ಕೇಳತಕ್ಕದ್ದಾಗಿದೆ.

ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಿಂದ ಹಿಡಿದು ಸೈಬೀರಿಯವನ್ನು ದಾಟಿ, ಅಲಾಸ್ಕಾ, ಕೆನಡಾಗಳವರೆಗೆ ಭೂಗೋಳದ ನೆತ್ತಿಯ ಕೆಳಗೆ ಒಂದು ಕಾಡು ಪಟ್ಟಿಯಂತೆ ಸುತ್ತಿಕೊಂಡಿದೆ. ಪೈನ್, ಸ್ಪ್ರೂಸ್, ಭೂರ್ಜಗಳ ಈ ಕಾಡನ್ನು ರಷ್ಯನರು ಟೈಗಾ ಎನ್ನುತ್ತಾರೆ. ಪ್ರಪಂಚದ ಕಾಡುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇದೊಂದೇ. ಇಲ್ಲಿನ ಒಣ ಪೈನ್ ಕಾಡುಗಳ ನೆಲವನ್ನು ಬೂದುಬಿಳುಪಿನ ಕಲ್ಲುಹೂವು ಮೆತ್ತೆ ಹಾಸಿದಂತೆ ಮುಚ್ಚಿರುತ್ತದೆ. ಚಳಿಗಾಲದಲ್ಲಿ ಹುಲ್ಲೆಲ್ಲ ಸತ್ತಾಗ ಹಿಮಸಾರಂಗಗಳು ಗೊರಸಿನಿಂದ ಹಿಮವನ್ನು ಕೆದರಿ ಈ ಮೆತ್ತೆಯನ್ನು ಮೇಯುತ್ತವೆ. ಆ ಹಿಂಡುಗಳನ್ನು ಸಾಕಿ ಬದುಕುವವರು ಸಾಮಿ ಎಂಬ ಜನ. ಕಲ್ಲುಹೂವಿಂದ ಸಾರಂಗ, ಸಾರಂಗದಿಂದ ಮನುಷ್ಯ. ಬದುಕಿನ ಸರಪಳಿಗೆ ಮೂರೇ ಕೊಂಡಿ.

1732ರಲ್ಲಿ ಇಪ್ಪತ್ತೈದು ವರ್ಷದ ಸ್ವೀಡಿಷ್ ತರುಣನೊಬ್ಬನು ಈ ಸೀಮೆಯಲ್ಲಿ ಸಂಚರಿಸಿದನು. ಮುಂದೆ ಸಸ್ಯಗಳಿಗೆಲ್ಲ ನಾಮಕರಣ ಮಾಡಿದ ಲಿನೇಯಸ್ ಅವನೇ. ಲ್ಯಾಪ್‌ಲೆಂಡಿನ ಸಸ್ಯಗಳ ಕುರಿತ ಅವನ ಗ್ರಂಥ 1737ರಲ್ಲಿ ಹೊರಬಂತು. ಆದರೆ ಕಲ್ಲುಹೂವುಗಳಿಗೆ ಅವನು ಹೆಚ್ಚಿನ ಗಮನ ಕೊಡಲಿಲ್ಲ. ಅವುಗಳಿಗೆ ಪ್ರತ್ಯೇಕ ಶಾಸ್ತ್ರವನ್ನೇ ಕಟ್ಟಿದವನು ಅವನ ಶಿಷ್ಯ, ವೃತ್ತಿಯಿಂದ ವೈದ್ಯನಾಗಿದ್ದ ಎರಿಕ್ ಅಕೇರಿಯಸ್. ಅವನ ದೊಡ್ಡ ಗ್ರಂಥ 1810ರದು. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಿಮೋನ್ ಶ್ವೆಂಡನರ್ ಎಂಬವನು ಪಂಡಿತರನ್ನು ಬೆಚ್ಚಿಬೀಳಿಸುವ ಮಾತೊಂದನ್ನು ಆಡಿದನು. ಕಲ್ಲುಹೂವು ಒಂದು ಗಿಡವಲ್ಲ, ಬೂಷ್ಟಿನ ಜಾತಿಯದೊಂದು ಮತ್ತು ಪಾಚಿಯ ಜಾತಿಯದೊಂದು ಒಂದೇ ಮನೆಯಲ್ಲಿ ಹೂಡಿದ ಸಂಸಾರ ಎಂದನು. ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. ಬೂಷ್ಟು ಮನೆ ಕಟ್ಟಿ ನೆರಳು, ನೀರು ಒದಗಿಸುತ್ತದೆ. ಹಲವರು ಈ ಮಾತನ್ನು ಹಳಿದರೂ ಕೊನೆಗೆ ಅದೇ ನಿಂತಿತು.

ಈ ಸಂಸಾರಕ್ಕೆ ಒಂದು ದೊಡ್ಡ ಬಡತನವುಂಟು. ಅದಕ್ಕೆ ಬೇರಿಲ್ಲ. ನೆಲದಿಂದ ನೀರನ್ನು ಹೀರುವ ಉಪಾಯವಿಲ್ಲದ್ದರಿಂದ ಮಳೆ, ಮಂಜು, ಧೂಳುಗಳಲ್ಲಿ ಬಂದದ್ದನ್ನೇ ಮೈಯೆಲ್ಲ ಬಾಯಾಗಿ ಕುಡಿಯಬೇಕು. ಬೇಡವಾದದ್ದು ಬಂದರೆ ಮುಚ್ಚಿಕೊಳ್ಳಲು ಬಾಗಿಲಿಲ್ಲ. ಮರಗಳಂತೆ ವರ್ಷಕ್ಕೊಮ್ಮೆ ಎಲೆ ಉದುರಿಸಿ ವಿಷವನ್ನು ಕಳೆದುಕೊಳ್ಳುವ ದಾರಿಯೂ ಇಲ್ಲ. ಬೆಳವಣಿಗೆಯಂತೂ ಬಲು ನಿಧಾನ. ಸಾರಂಗ ಮೇಯುವ ಜಾತಿಗಳು ವರ್ಷಕ್ಕೆ ಬೆಳೆಯುವುದು ಸುಮಾರು 3ರಿಂದ 5 ಮಿಲಿಮೀಟರು. ಆಕಾಶ ಕೊಟ್ಟದ್ದನ್ನೆಲ್ಲ ತೆಗೆದುಕೊಂಡು ಬಹುಕಾಲ ಮೈಯಲ್ಲೇ ಇಟ್ಟುಕೊಳ್ಳುವ ಜೀವ ಇದಾದ್ದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ.

ಆ ಸಾಕ್ಷ್ಯವನ್ನು ಮೊದಲು ಓದಿದವರಲ್ಲಿ ಪ್ರಮುಖನು ಉತ್ತರದ ಕಾಡಿನ ನಾಡಿನಿಂದಲೇ ಬಂದವನು. ಫಿನ್‌ಲೆಂಡಿನ ಊಲು ಪಟ್ಟಣದಲ್ಲಿ 1822ರಲ್ಲಿ ಹುಟ್ಟಿದ ವಿಲಿಯಂ ನೀಲಾಂಡರ್ ಹೆಲ್ಸಿಂಕಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದು, ಆ ಹುದ್ದೆಯನ್ನು ಬಿಟ್ಟು ಪ್ಯಾರಿಸ್ಸಿನಲ್ಲಿ ನೆಲಸಿದನು. ನಗರದ ಮರಗಳು ಕಲ್ಲುಹೂವಿಲ್ಲದೆ ಬರಿದಾಗಿರುವಾಗ ಲಕ್ಸೆಂಬರ್ಗ್ ಉದ್ಯಾನದಲ್ಲಿ ಮಾತ್ರ ಹಲವು ಜಾತಿಗಳು ಉಳಿದಿರುವುದು ಅವನ ಕಣ್ಣಿಗೆ ಬಿತ್ತು. 1866ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿ, ಗಾಳಿಯ ಆರೋಗ್ಯವನ್ನು ಅಳೆಯಲು ಇವೇ ಮಾಪಕ ಎಂದು ಸಾರಿದನು. ಮೂವತ್ತು ವರ್ಷಗಳ ಮೇಲೆ, 1896ರಲ್ಲಿ, ಅದೇ ಉದ್ಯಾನದಿಂದ ಅವು ಮಾಯವಾದುದನ್ನೂ ಅವನೇ ಬರೆದಿಟ್ಟನು. ಕಲ್ಲಿದ್ದಲ ಹೊಗೆಯಲ್ಲಿನ ಗಂಧಕ ಅವುಗಳ ಒಳಗಿನ ಪಾಚಿಯನ್ನು ಕೊಂದಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಶ್ವೆಂಡನರನ ಮಾತನ್ನು ಕಟುವಾಗಿ ಖಂಡಿಸಿದವರಲ್ಲಿ ನೀಲಾಂಡರನೇ ಮುಂದಾಳು. ಕಲ್ಲುಹೂವಿನ ಒಳಗುಟ್ಟನ್ನು ಒಪ್ಪದ ಅದೇ ಕಣ್ಣು ಅದು ಹೇಳುವ ಸುದ್ದಿಯನ್ನು ಮಾತ್ರ ತಪ್ಪದೆ ಓದಿತು.

ಹೊಗೆಯಾದರೋ ಕಣ್ಣಿಗೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ನಡುವೆ ಆಕಾಶದಿಂದ ಇಳಿದದ್ದು ಕಾಣದ ವಿಷ. ಅಣುಬಾಂಬುಗಳ ಪರೀಕ್ಷೆಗಳು ಬಯಲಿನಲ್ಲಿ ನಡೆಯುತ್ತಿದ್ದ ಕಾಲ ಅದು. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟವು ಉತ್ತರ ಸಮುದ್ರಗಳ ನಡುವಿನ ನೊವಾಯಾ ಜೆಮ್ಲ್ಯಾ ದ್ವೀಪಗಳ ಮೇಲೆ ಅದುವರೆಗಿನ ಅತಿ ದೊಡ್ಡ ಬಾಂಬನ್ನು ಸಿಡಿಸಿತು. ಜಗತ್ತಿನ ನಾನಾ ಕಡೆಯ ಸಿಡಿತಗಳ ಧೂಳಿನಲ್ಲಿದ್ದ ಸೀಸಿಯಂ–137 ಮಳೆ ಹಿಮಗಳೊಡನೆ ಉತ್ತರದ ಕಾಡಿಗೂ ಇಳಿಯಿತು. ಕಲ್ಲುಹೂವು ಅದನ್ನೂ ಕುಡಿದಿಟ್ಟುಕೊಂಡಿತು. ಅರುವತ್ತರ ದಶಕದಲ್ಲಿ ಸ್ವೀಡನ್, ಫಿನ್‌ಲೆಂಡ್‌ಗಳ ವಿಜ್ಞಾನಿಗಳು ಸಾರಂಗ ಸಾಕುವ ಸಾಮಿಗಳ ಮೈಯನ್ನು ಅಳೆದು ನೋಡಿದಾಗ, ದಕ್ಷಿಣದ ಪಟ್ಟಣಿಗರಿಗಿಂತ ಅವರಲ್ಲಿ ಹಲವು ಪಟ್ಟು ಹೆಚ್ಚು ಸೀಸಿಯಂ ಕಂಡಿತು. ಅಲಾಸ್ಕಾದಲ್ಲಿ ಕಾಡುಸಾರಂಗದ ಮಾಂಸ ತಿನ್ನುವವರಲ್ಲೂ ಅದೇ ಕಥೆ. ಬಾಂಬು ಮಾಡಿದವರು ಒಬ್ಬರು, ಹೊತ್ತವರು ಇನ್ನೊಬ್ಬರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಕ್ರೂರವಾದ ನಿದರ್ಶನ ಬೇಕೇ? 1963ರಲ್ಲಿ ಮಾಸ್ಕೋದಲ್ಲಿ ಒಪ್ಪಂದವಾಗಿ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟಗಳು ಬಯಲು ಪರೀಕ್ಷೆಗಳನ್ನು ನಿಲ್ಲಿಸಿದ ಬಳಿಕ ಅಳತೆಗಳು ಮೆಲ್ಲಮೆಲ್ಲನೆ ಇಳಿದುವು.

ಇಳಿದ ಅಳತೆ ಮತ್ತೆ ಏರುವುದಕ್ಕೆ ಒಂದು ರಾತ್ರಿ ಸಾಕಾಯಿತು. 1986ರ ಏಪ್ರಿಲ್ 26ರಂದು ಚೆರ್ನೊಬಿಲ್ ಅಣುವಿದ್ಯುತ್ ಸ್ಥಾವರ ಸಿಡಿಯಿತು. ಗಾಳಿ ಉತ್ತರಕ್ಕೆ ಬೀಸಿತು. ಮಧ್ಯ ಸ್ವೀಡನ್ನಿನಲ್ಲೂ ನಾರ್ವೆಯಲ್ಲೂ ಆ ದಿನಗಳಲ್ಲಿ ಸುರಿದ ಮಳೆ ವಿಷವನ್ನು ಕಾಡಿಗಿಳಿಸಿತು. ಅಣಬೆ, ಕಾಡುಹಣ್ಣು, ಕೆರೆಯ ಮೀನುಗಳಿಗೂ ಅದು ತಟ್ಟಿತು. ಮಾಂಸದ ಕಿಲೋಗ್ರಾಮಿಗೆ 300 ಬೆಕೆರೆಲ್ ಎಂದು ಸ್ವೀಡನ್ ಮಿತಿ ಹಾಕಿತು. ಸಾವಿರಾರು ಸಾರಂಗಗಳ ಮಾಂಸ ಮನುಷ್ಯರು ತಿನ್ನಬಾರದ್ದಾಯಿತು. ಮರುವರ್ಷ ಆ ಮಿತಿಯನ್ನು 1500ಕ್ಕೆ ಏರಿಸಿದರು. ಸರಕಾರ ಪರಿಹಾರವನ್ನೇನೋ ಕೊಟ್ಟಿತು. ಆದರೆ ಚಳಿಗಾಲದಲ್ಲಿ ಕಡಿಯುತ್ತಿದ್ದ ಸಾರಂಗವನ್ನು ಕಲ್ಲುಹೂವಿಗೆ ಬಾಯಿ ಹಾಕುವ ಮುನ್ನವೇ ಕಡಿಯಬೇಕಾಗಿ ಬಂತು, ಕೊಂಡುತಂದ ಮೇವನ್ನು ತಿನ್ನಿಸಬೇಕಾಗಿ ಬಂತು. ಋತುಮಾನಕ್ಕೆ ಹೊಂದಿಕೊಂಡಿದ್ದ ಒಂದು ಬಾಳುವೆಯ ಲಯವೇ ತಪ್ಪಿತು. ಅದಕ್ಕೆ ಯಾವ ಪರಿಹಾರ? ಸೀಸಿಯಂ ಅರ್ಧಕ್ಕಿಳಿಯಲು ಸುಮಾರು ಮೂವತ್ತು ವರ್ಷ ಬೇಕು. ಮೂವತ್ತು ವರ್ಷ ಕಳೆದ ಮೇಲೂ ಅಲ್ಲಿ ಮಾಂಸವನ್ನು ಅಳೆಯುವ ಕೆಲಸ ನಿಂತಿರಲಿಲ್ಲ.

ಮೂರನೆಯ ಅಧ್ಯಾಯದಲ್ಲಿ ಸಿಡಿತವಿಲ್ಲ, ಸದ್ದಿಲ್ಲ. ಸ್ವೀಡನ್ನಿನಲ್ಲಿ ಕಲ್ಲುಹೂವು ಸಮೃದ್ಧವಾಗಿದ್ದ ಕಾಡಿನ ವಿಸ್ತೀರ್ಣವು ಅರುವತ್ತು ವರ್ಷಗಳಲ್ಲಿ ನೂರಕ್ಕೆ 71ರಷ್ಟು ಕುಗ್ಗಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಳೆಯ ಕಾಡನ್ನು ಕಡಿದು ಮರಗಳನ್ನು ಒತ್ತೊತ್ತಾಗಿ ಬೆಳೆಸಿದ್ದೇ ಇದಕ್ಕೆ ಮುಖ್ಯ ಕಾರಣ. ಬಿಸಿಲು ನೆಲ ಮುಟ್ಟದಿದ್ದರೆ ಅಲ್ಲಿ ಪಾಚಿಗೆ ಅನ್ನವಿಲ್ಲ. ಇದರ ಮೇಲೆ ಹವೆಯ ಬದಲಾವಣೆ ಬೇರೆ. 1979ರಿಂದೀಚೆಗೆ ಉತ್ತರಧ್ರುವ ಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯೇರಿದೆಯೆಂದು ಫಿನ್‌ಲೆಂಡಿನ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿದರು. ಕಾಡಿನಂಚಿನಲ್ಲಿ ಕುಳ್ಳು ಭೂರ್ಜ, ವಿಲೋ ಮೊದಲಾದ ಪೊದೆಗಳು ಸೊಂಪಾಗಿ ಎದ್ದು, ನಿಧಾನವಾಗಿ ಬೆಳೆಯುವ ಕಲ್ಲುಹೂವನ್ನು ನೆರಳಿನಲ್ಲಿ ಅಡಗಿಸುತ್ತಿವೆ. ಬೇಸಗೆಯ ಬೆಂಕಿಗೂ ಬಲ ಬಂದಿದೆ. 2023ರೊಂದರಲ್ಲೇ ಕೆನಡಾದಲ್ಲಿ ಒಂದೂವರೆ ಕೋಟಿ ಹೆಕ್ಟೇರಿಗೂ ಮಿಕ್ಕು ಸುಟ್ಟಿತು. ಸುಟ್ಟ ನೆಲದ ಮೇಲೆ ಸಾರಂಗದ ಮೇವು ಮತ್ತೆ ದಟ್ಟವಾಗಲು ಹಲವು ದಶಕಗಳೇ ಬೇಕು. ಚಳಿಗಾಲದ ನಡುವೆ ಮಳೆ ಬಿದ್ದರೆ ಅದು ಹಿಮದ ಮೇಲೆ ಗಟ್ಟಿಯಾಗಿ, ಮೇವಿಗೆ ಮಂಜುಗಡ್ಡೆಯ ಬೀಗ ಬೀಳುತ್ತದೆ. 2013ರ ನವೆಂಬರಿನಲ್ಲಿ ಸೈಬೀರಿಯದ ಯಮಾಲ್ ಸೀಮೆಯಲ್ಲಿ ಹೀಗಾಗಿ, ಆ ಚಳಿಗಾಲದಲ್ಲಿ ನೆನೆತ್ಸ್ ಜನರ 61,000 ಸಾರಂಗಗಳು ಹಸಿವಿನಿಂದ ಸತ್ತವು. ಮೇವು ಗೊರಸಿನ ಅಡಿಯಲ್ಲೇ ಇತ್ತು.

ಹಾಗೆಂದು ಈ ಸಾಕ್ಷಿ ಕೇಡಿನ ಸುದ್ದಿಯನ್ನಷ್ಟೇ ಹೇಳುತ್ತದೆಯೆಂದು ತಿಳಿಯಬಾರದು. ಪ್ಯಾರಿಸ್ಸಿನ ಗಾಳಿಯಲ್ಲಿ ಗಂಧಕ ಕಡಿಮೆಯಾದ ಮೇಲೆ, ನೀಲಾಂಡರನು ತೀರಿಕೊಂಡು ತೊಂಬತ್ತು ವರ್ಷಗಳಾಗುವ ಹೊತ್ತಿಗೆ, ಲಕ್ಸೆಂಬರ್ಗ್ ಉದ್ಯಾನದ ಮರಗಳಿಗೆ ಕಲ್ಲುಹೂವು ತಾನಾಗಿ ಮರಳಿತ್ತು. ಯಾರೂ ಅದನ್ನು ನೆಟ್ಟವರಲ್ಲ, ನೀರೆರೆದವರಲ್ಲ. ಬಾಂಬಿನ ಒಪ್ಪಂದದ ಫಲವೂ ಇಂಥದೇ. ಮನುಷ್ಯನು ಕೈ ಹಿಂದೆಗೆದಾಗಲೆಲ್ಲ ಅದು ಬಂದಿದೆ. ಆದರೆ ಬಂದದ್ದು ತನ್ನ ನಡಿಗೆಯಲ್ಲಿ, ವರ್ಷಕ್ಕೆ ಮೂರೋ ಐದೋ ಮಿಲಿಮೀಟರಿನಂತೆ. ನಾವು ಒಂದು ದಿನದಲ್ಲಿ ಕೆಡಿಸಿದ್ದನ್ನು ತಿದ್ದಿಕೊಳ್ಳಲು ಅದಕ್ಕೆ ಒಬ್ಬ ಮನುಷ್ಯನ ಆಯುಷ್ಯ ಬೇಕು, ಆ ಆಯುಷ್ಯವನ್ನು ಸಾಮಿಗಳು ಕಾಯುತ್ತ ಕಳೆಯಬೇಕು. ಸಾಕ್ಷ್ಯವನ್ನು ಓದಲು ಕಲಿತು ನೂರೈವತ್ತು ವರ್ಷಗಳಾದುವು. ತೀರ್ಪನ್ನು ಇನ್ನೆಷ್ಟು ಕಾಲ ಮುಂದೂಡುತ್ತೇವೆ?