ಸ್ಕಾಟ್‌ನಿಂದ ಗಳಗನಾಥರವರೆಗೆ: ಮರಾಠಿಯ ಮಾರ್ಗ

ಕನ್ನಡ ಐತಿಹಾಸಿಕ ಕಾದಂಬರಿಯ ಮೇಲಿನ ಇಂಗ್ಲಿಷ್ ಪ್ರಭಾವವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ವಾಲ್ಟರ್ ಸ್ಕಾಟ್‌ನ ಹೆಸರನ್ನೆತ್ತುತ್ತಾರೆ. ಬ್ರಿಟನ್ನಿನ ರೀಜೆನ್ಸಿ ಕಾಲದಲ್ಲಿ (1811-1820) ಪ್ರಕಟವಾದ ಆತನ ‘ವೇವರ್ಲಿ’ (1814) ಈ ಪ್ರಕಾರಕ್ಕೆ ಮಾದರಿಯಾಯಿತೆಂಬುದು ನಿಜ. ಆದರೆ ಆ ಮಾದರಿ ಕನ್ನಡಕ್ಕೆ ಬಹುಮಟ್ಟಿಗೆ ಬಳಸುದಾರಿಯಿಂದ ಬಂದಿತು. ಮೈಸೂರು ಪ್ರಾಂತಕ್ಕೆ ಬಿ. ವೆಂಕಟಾಚಾರ್ಯರ (1845-1914) ಬಂಕಿಮಚಂದ್ರ ಅನುವಾದಗಳ ಮೂಲಕ. ಮುಂಬಯಿ ಕರ್ನಾಟಕಕ್ಕೆ ಮರಾಠಿಯ ಹರಿ ನಾರಾಯಣ ಆಪಟೆಯವರ (1864-1919) ಮೂಲಕ. ಆಪಟೆಯವರ ಮೊದಲ ಐತಿಹಾಸಿಕ ಕಾದಂಬರಿ ‘ಮ್ಹೈಸೂರಚಾ ವಾಘ’ ಮೆಡೋಸ್ ಟೇಲರ್‌ನ ‘ಟಿಪ್ಪೂ ಸುಲ್ತಾನ್’ (1840) ಕೃತಿಯ ರೂಪಾಂತರವೆಂಬುದು ಇಲ್ಲಿ ಗಮನಾರ್ಹ. ಕನ್ನಡ ನಾಡಿನ ವಸ್ತುವೇ ಇಂಗ್ಲಿಷಿನಿಂದ ಮರಾಠಿಗೆ ಸಂದಿತ್ತು.

ಗಳಗನಾಥರು (1869-1942) ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿದರು. ‘ಮಾಧವ ಕರುಣಾವಿಲಾಸ’ವನ್ನು (1923) ಸ್ವತಂತ್ರವಾಗಿ ರಚಿಸಿದರು. ಮಾದರಿ ಹೊರಳಿದುದು ಇಲ್ಲಿಯೇ. ವೇವರ್ಲಿ 1745ರ ಸ್ಕಾಟಿಷ್ ಬಂಡಾಯದ ಎರಡು ಪಕ್ಷಗಳ ನಡುವೆ ತೂಗಾಡುವ ತರುಣ. ಸೋತ ಲೋಕಕ್ಕೆ ಮರುಗುತ್ತಲೇ ಗೆದ್ದ ವ್ಯವಸ್ಥೆಯೊಡನೆ ಸಂಧಾನ ಮಾಡಿಕೊಳ್ಳುತ್ತಾನೆ. ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಬರೆದ ಗಳಗನಾಥರು ಅಂಥ ಸಂಧಾನದ ಕಥೆಯನ್ನು ಒಲ್ಲದೆ ವಿಜಯನಗರದ ಸ್ಥಾಪನೆಯನ್ನು ವಸ್ತುವಾಗಿ ಆರಿಸಿಕೊಂಡರು.

ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರು ಎರಡೂ ಭಾಷೆಗಳ ನಡುವೆ ಬಾಳುವವರು. ಆಪಟೆ ಮತ್ತು ಗಳಗನಾಥರ ಪಠ್ಯಗಳನ್ನು ಎದುರುಬದುರಾಗಿಟ್ಟು ಓದುವ ಕಾರ್ಯ ಅಲ್ಲಿನ ಸಂಶೋಧಕರಿಗೆ ಸಹಜವಾಗಿ ಒದಗತಕ್ಕದ್ದು. ಆ ಓದು ನಡೆಯುವವರೆಗೆ ‘ಇಂಗ್ಲಿಷ್ ಪ್ರಭಾವ’ವೆಂಬ ಮಾತು ಅರ್ಧಸತ್ಯವಾಗಿಯೇ ಉಳಿಯುತ್ತದೆ.