ಕಣಕುಂಬಿಯ ಆಚೆಯ ಜ್ವರ

ಬೆಂಗಳೂರಿನಿಂದ ಊರಿಗೆ ಹೋದಾಗೆಲ್ಲ ಎಂ.ಕೆ. ಹುಬ್ಬಳ್ಳಿ ಹತ್ತಿರ ಬಸ್ಸಿನ ಕಿಟಕಿಯಿಂದ ಹೊಳೆ ನೋಡ್ತೀನಿ. ಮಲಪ್ರಭೆ, ಅದರೊಳಗೆ ಗಂಗಾಂಬಿಕೆಯ ಐಕ್ಯ ಮಂಟಪ. ಈ ನೀರು ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಚೋರ್ಲಾ ಘಾಟ್ ಇಳಿದರೆ ಗೋವಾದ ಸತ್ತರಿ ತಾಲ್ಲೂಕು. ಖಾನಾಪುರ ಕಡೆಯ ನನ್ನ ಸೋದರಮಾವ ಪ್ರತಿ ಬೇಸಿಗೆ ಗೇರುಬೀಜ ಆರಿಸೋ ಕೂಲಿಗೆ ಆ ಘಾಟ್ ಇಳೀತಾರೆ.

ಒಂದು ವರ್ಷ ಜ್ವರ ಹೊತ್ತುಕೊಂಡೇ ಬಂದರು. ತಲೆ ಎತ್ತಲಾಗದ ನೋವು, ಮೈಕೈ ಸೆಳೆತ. ಡಾಕ್ಟ್ರು ಗುಳಿಗೆ ಕೊಟ್ಟರು, ಹದಿನೈದು ದಿನಕ್ಕೆ ಎದ್ದು ಕೂತರು. ಯಾವ ಜ್ವರ ಅಂತ ಇವತ್ತಿಗೂ ಗೊತ್ತಿಲ್ಲ. ಮಂಗನ ಕಾಯಿಲೆ ಇರಬಹುದಾ ಅಂದೆ. ಮಾವ ನಕ್ಕರು: “ಏ ಹುಚ್ಚಪ್ಪಾ, ಅದು ಶಿವಮೊಗ್ಗಿ ಬ್ಯಾನಿ. ನಮ್ಮ ಕಡೆ ಎಲ್ಲಿಂದ ಬರತೈತಿ?”

ಬಹಳ ವರ್ಷ ಆ ಮಾತು ಸರಿಯೇ ಇತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಸಿಕ್ಕಿದ್ದು ರಷ್ಯಾದ ಉಣ್ಣೆ ಜ್ವರಕ್ಕೆ ಹತ್ತಿರದ ಹೊಸ ವೈರಸ್ಸು. ದಶಕಗಳ ಕಾಲ ಅದು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲೇ ಇತ್ತು. ಆಮೇಲೆ 2012ರಲ್ಲಿ ಬಂಡೀಪುರ, 2013ರಲ್ಲಿ ವಯನಾಡು, 2015ರಲ್ಲಿ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಅದೇ 2016ರಲ್ಲಿ, ಗೋವಾದ ಗೇರುತೋಟಗಳಿಗೆ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯವರಲ್ಲೂ ಅದು ಕಂಡಿತು.

ಇದಕ್ಕೆಲ್ಲ ಹವಾಮಾನವೇ ಕಾರಣ ಅಂದರೆ ತಪ್ಪಾದೀತು. ಕಾಡು ಕಡಿದು ತೋಟ, ರಸ್ತೆ ಮಾಡಿದಲ್ಲಿ ಮನುಷ್ಯ, ದನ, ಮಂಗ ಮೂವರೂ ಹತ್ತಿರ ಬಂದರು. ಬೆಳೆದ ಉಣ್ಣೆಗೆ ದನದ ರಕ್ತ ಸಿಕ್ಕಿತು. ಪರೀಕ್ಷೆ ಮಾಡಿದ ಕಡೆ ಮಾತ್ರ ಕಾಯಿಲೆ ‘ಹೊಸದಾಗಿ’ ಕಾಣುತ್ತದೆ ಅನ್ನೋದೂ ನಿಜ. ಆದರೆ ಉಣ್ಣೆಯ ಬದುಕು ನಡೆಯೋದು ಮಳೆಯ ಲೆಕ್ಕದಲ್ಲಿ. ಮೊಟ್ಟೆ, ಮರಿಗೆ ಒದ್ದೆ ನೆಲ ಬೇಕು. ಮಳೆಗಾಲ ಮುಗಿದ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ, ಎಳೆಯ ಉಣ್ಣೆಗಳು ಕಚ್ಚುತ್ತವೆ. ದರಗು ಗುಡಿಸಲು, ಗೇರುಬೀಜ ಆರಿಸಲು ಜನ ಕಾಡಿಗೆ ಇಳಿಯೋದೂ ಆಗಲೇ. ಮಳೆ ಹಿಂದುಮುಂದಾದರೆ ಈ ಹಂಗಾಮೂ ಹಿಂದುಮುಂದಾಗುತ್ತದೆ. ಹಾಗಾದಾಗ ಹಳೇ ತಿಂಗಳು, ಹಳೇ ತಾಲ್ಲೂಕು ನೋಡಿಕೊಂಡು ಕಾಯಿಲೆ ಹುಡುಕಿದರೆ ಅದು ಸಿಗೋದಿಲ್ಲ.

ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಇದ್ದ ಹಳೆಯ ಲಸಿಕೆಯೂ ಸಾಕಷ್ಟು ಪರಿಣಾಮಕಾರಿಯಲ್ಲ ಅಂತ 2022ರಲ್ಲಿ ನಿಂತಿತು. ಬೇಗ ಗುರುತಿಸಿ ಆರೈಕೆ ಮಾಡೋದೇ ಜೀವ ಉಳಿಸೋ ದಾರಿ.

ಮಾವ ಈ ವರ್ಷವೂ ಹೊರಟಿದ್ದಾರೆ. ಬೇಡ ಅನ್ನೋಕೆ ಅವರ ಕೂಲಿ ನಾನು ಕೊಡ್ತೀನಾ? ಫೋನ್ ಮಾಡಿ ಹೇಳಿದೆ: “ಮಾವ, ತುಂಬು ತೋಳಿನ ಅಂಗಿ ಹಾಕ್ಕೋ. ಮೈಗೆ ಉಣ್ಣೆ ಎಣ್ಣೆ ಹಚ್ಕೋ. ಬಂದಕೂಡ್ಲೇ ಬಿಸಿನೀರಿಂದ ಜಳಕ ಮಾಡು. ಜ್ವರ ಬಂದ್ರ, ಡಾಕ್ಟ್ರು ಕೇಳದಿದ್ರೂ ಎಲ್ಲಿ ದುಡಿಯಾಕ ಹೋಗಿದ್ದಿ ಅಂತ ಮೊದಲು ಹೇಳು.”

“ಹೂಂ, ಹೇಳತೇನಪಾ” ಅಂದರು. ಈ ಸಲ ನಗಲಿಲ್ಲ.