ಚೀನೀ ತಾಯಿಯ ಹೈದರಾಬಾದಿ ಮಗಳು

ಹೊರನಾಡಿನಲ್ಲಿ ನೆಲೆಸಿದ ನಮಗೆ 'ನೀವು ಎಲ್ಲಿಯವರು?' ಎಂಬ ಪ್ರಶ್ನೆ ಹೊಸದಲ್ಲ. ಊರು ಧಾರವಾಡವೆಂದೋ ರಾಯಚೂರೆಂದೋ ಹೇಳುತ್ತೇವೆ. ಮನೆ ಮಾತ್ರ ಹೈದರಾಬಾದಿನಲ್ಲಿ. ಇದೇ ಪ್ರಶ್ನೆಯನ್ನು ನಮಗಿಂತ ಕಟುವಾಗಿ ಕೇಳಿಸಿಕೊಂಡು, ಆಟದಿಂದಲೇ ಉತ್ತರವಿತ್ತ ಈ ನಗರದ ಬ್ಯಾಡ್ಮಿಂಟನ್ ಆಟಗಾರ್ತಿ ಜ್ವಾಲಾ ಗುಟ್ಟಾ ಅವರ ಚರಿತ್ರೆ ನಮ್ಮ ಓದುಗರು ತಿಳಿಯತಕ್ಕದ್ದು.

ಜ್ವಾಲಾ ಅವರ ತಾಯಿ ಯೆಲಾನ್ ಚೀನಾದವರು. 1962ರ ಯುದ್ಧದಿಂದ ಕಡಿದುಹೋಗಿದ್ದ ಸಂಬಂಧ ಚಿಗುರತೊಡಗಿ, ಎರಡೂ ದೇಶಗಳು 1976ರಲ್ಲಿ ಮತ್ತೆ ರಾಯಭಾರಿಗಳನ್ನು ಕಳುಹಿಸಿದವು. ಅದರ ಮರುವರ್ಷ ಯೆಲಾನ್ ತಮ್ಮ ತಾತನೊಡನೆ ಭಾರತಕ್ಕೆ ಬಂದರು. ತಾತನವರು ಗಾಂಧೀಜಿಯವರಲ್ಲಿ ಭಕ್ತಿಯಿಟ್ಟವರು. ಆದ್ದರಿಂದ ವಾರ್ಧಾದ ಸೇವಾಗ್ರಾಮವೇ ಅವರ ನೆಲೆಯಾಯಿತು. ಯೆಲಾನ್ ತೆಲುಗರಾದ ಕ್ರಾಂತಿ ಗುಟ್ಟಾ ಅವರ ಕೈಹಿಡಿದರು. 1983ರ ಸೆಪ್ಟೆಂಬರ್ 7ರಂದು ವಾರ್ಧಾದಲ್ಲಿ ಜ್ವಾಲಾ ಹುಟ್ಟಿದರು. ಬೆಳೆದದ್ದು, ಆಟ ಕಲಿತದ್ದು ಹೈದರಾಬಾದಿನಲ್ಲಿ. ಪುಲ್ಲೇಲ ಗೋಪಿಚಂದರನ್ನೂ ತಿದ್ದಿ ತೀಡಿದ ಎಸ್. ಎಂ. ಆರಿಫ್ ಅವರೇ ಈ ಬಾಲಕಿಗೂ ಗುರುಗಳಾದರು.

ನಮ್ಮ ದೇಶದಲ್ಲಿ ಬ್ಯಾಡ್ಮಿಂಟನ್ ಎಂದರೆ ಸಿಂಗಲ್ಸ್ ಎಂದೇ ಜನರ ಭಾವನೆ. ಜ್ವಾಲಾ ಆರಿಸಿಕೊಂಡದ್ದು ಡಬಲ್ಸ್. ಎಡಗೈ ಆಟ, ಬಿರುಸಿನ ಹೊಡೆತ, ಜೊತೆಗಾತಿಯ ಮನಸ್ಸನ್ನರಿತು ಜಾಗ ಬಿಟ್ಟುಕೊಡುವ ಜಾಣ್ಮೆ ಇವು ಅವರ ಬಲ. ಶ್ರುತಿ ಕುರಿಯನ್ ಅವರೊಡನೆ ವರ್ಷಗಟ್ಟಲೆ ರಾಷ್ಟ್ರೀಯ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. ಡಬಲ್ಸ್ ಆಟಗಾರರಿಗೂ ತರಬೇತಿ ಮತ್ತು ಮನ್ನಣೆ ಸಮನಾಗಿ ದೊರೆಯಬೇಕೆಂದು ಬಹಿರಂಗವಾಗಿಯೇ ವಾದಿಸಿದರು. ಆ ನೇರ ನುಡಿಗಾಗಿ ನಿಷ್ಠುರವನ್ನೂ ಕಟ್ಟಿಕೊಂಡರು.

ಕನ್ನಡಿಗರಾದ ನಮಗೆ ಹೆಚ್ಚು ಆಪ್ತವಾದ ಅಧ್ಯಾಯ ಮುಂದಿನದು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಅಶ್ವಿನಿ ಪೊನ್ನಪ್ಪ ಇವರಿಗೆ ಜೊತೆಯಾದರು. 2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಈ ಜೋಡಿ ಸಿಂಗಪುರದ ಜೋಡಿಯನ್ನು ಮಣಿಸಿ ಚಿನ್ನ ಗೆದ್ದಿತು. ಅದೇ ದಿನ ಸೈನಾ ನೆಹವಾಲ್ ಅವರೂ ಚಿನ್ನ ಗೆದ್ದರು. ಭಾರತಕ್ಕೆ ಒಟ್ಟು 38 ಚಿನ್ನ, ಇಂಗ್ಲೆಂಡಿಗೆ 37. ಎರಡನೆಯ ಸ್ಥಾನ ನಮ್ಮದಾದದ್ದು ಹೀಗೆ.

ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವರಿಗೆ ಕಂಚು. 1983ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಗೆದ್ದ ಕಂಚಿನ ಬಳಿಕ ಆ ಕೂಟದಲ್ಲಿ ಭಾರತಕ್ಕೆ ದೊರೆತ ಎರಡನೆಯ ಪದಕವಿದು, ಡಬಲ್ಸ್‌ನಲ್ಲಂತೂ ಮೊದಲನೆಯದು. ಉಪಾಂತ್ಯದಲ್ಲಿ ಇವರನ್ನು ತಡೆದದ್ದು ಚೀನಾದ ತಿಯಾನ್ ಚಿಂಗ್ ಮತ್ತು ಝಾವೊ ಯುನ್‌ಲೇ. ತಾಯಿಯ ನಾಡಿನವರ ಎದುರು ತಂದೆಯ ನಾಡಿಗಾಗಿ ಆಡಿ ಸೋತದ್ದರಲ್ಲಿ ಅಗೌರವವೇನೂ ಇರಲಿಲ್ಲ. 2011ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. 2012ರ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರೂ ಅಂಕಗಳ ಲೆಕ್ಕದಲ್ಲಿ ಹೊರಬಿದ್ದರು. 2014ರಲ್ಲಿ ದೆಹಲಿಯ ಊಬರ್ ಕಪ್‌ನಲ್ಲಿ ಭಾರತ ಮೊದಲ ಬಾರಿಗೆ ಪದಕ ಗೆದ್ದಾಗ ಈ ಜೋಡಿ ತಂಡದಲ್ಲಿತ್ತು.

ಇಷ್ಟೆಲ್ಲ ಆದ ಮೇಲೂ, 2020ರಲ್ಲಿ ಕೊರೊನಾ ಹರಡಿದಾಗ, ತಾಯಿಯ ಮೂಲವನ್ನೆತ್ತಿ ಜ್ವಾಲಾ ಅವರನ್ನು ಹೀಯಾಳಿಸಿದವರುಂಟು. ಮೈಬಣ್ಣ, ಕಣ್ಣಿನ ಆಕಾರಗಳನ್ನು ನೋಡಿ ದೇಶಭಕ್ತಿಯನ್ನು ಅಳೆಯುವವರು ಪದಕದ ಪಟ್ಟಿಯನ್ನೊಮ್ಮೆ ಓದಬೇಕಿತ್ತು. ಅವರಾದರೋ ಉತ್ತರ ಕೊಟ್ಟು, ತಮ್ಮ ಕೆಲಸಕ್ಕೆ ಮರಳಿದರು. ಹೈದರಾಬಾದಿನ ಹೊರವಲಯದ ಮೊಯಿನಾಬಾದಿನಲ್ಲಿ ಅಕಾಡೆಮಿ ತೆರೆದು ಮಕ್ಕಳಿಗೆ ಆಟ ಕಲಿಸತೊಡಗಿದರು.

ಚೀನಾದ ತಾಯಿ, ತೆಲುಗು ತಂದೆ, ಮುಸಲ್ಮಾನ ಗುರು, ಕೊಡಗಿನ ಜೊತೆಗಾತಿ ಎಲ್ಲರೂ ಸೇರಿ ಆ ಪದಕಗಳು ಭಾರತಕ್ಕೆ ಬಂದವು. ಬೇರೂರಿನಲ್ಲಿ ಮನೆ ಮಾಡಿ, ಮಕ್ಕಳನ್ನು ಇಲ್ಲಿಯವರನ್ನಾಗಿ ಬೆಳೆಸುತ್ತಿರುವ ನಾವು ಈ ಮಾತನ್ನು ಅವರಿಗೆ ಹೇಳಿಕೊಡೋಣ.